ಮಿಶ್ರ ತರಕಾರಿ ಉಪ್ಪಿನಕಾಯಿಗೆ ಬಿಳಿ ಪೊರೆ ಬಂದರೆ

ಕ್ಯಾರೆಟ್, ಹೂಕೋಸು, ಬೀನ್ಸ್ ಉಪ್ಪಿನಕಾಯಿಗೆ ಹತ್ತೇ ದಿನದಲ್ಲಿ ಬಿಳಿ ಪೊರೆ ಬಂತು, ಎಣ್ಣೆ ಸಾಲಲಿಲ್ಲವೇ ಎಂದು ಕೇಳಿದ್ದೀರಿ. ನನಗೆ ಅನುಮಾನ ಎಣ್ಣೆಯ ಮೇಲಲ್ಲ, ನೀರಿನ ಪಸೆಯ ಮೇಲೆ. ಕಿಲೋ ತರಕಾರಿಗೆ 50 ಗ್ರಾಂ ಉಪ್ಪು ಹಾಕಿದೆ ಅಂದಿರಲ್ಲ, ಅದೂ ತೀರಾ ಕಡಿಮೆಯಾಯಿತು. ನಾನು 150 ಗ್ರಾಂ ಕಲ್ಲುಪ್ಪನ್ನು ಬಿಸಿ ಮಾಡಿ ಪುಡಿ ಮಾಡಿ ಹಾಕುತ್ತೇನೆ.

ಮುಖ್ಯ ಕಳ್ಳ ಹೂಕೋಸು. ಮೇಲೆ ಒಣಗಿದಂತೆ ಕಂಡರೂ ಮೊಗ್ಗುಗಳ ಸಂದಿಯಲ್ಲಿ ನೀರು ಕೂತಿರುತ್ತದೆ. ಬೆರಳುಗುರಿನಷ್ಟು ಸಣ್ಣಗೆ ಬಿಡಿಸಿ, ಬಟ್ಟೆಯ ಮೇಲೆ ಹರಡಿ, ಒಂದು ಎಸಳನ್ನು ಕಾಗದದ ಮೇಲೆ ಒತ್ತಿ ನೋಡಿ. ತೇವದ ಗುರುತು ಮೂಡಿದರೆ ಇನ್ನೂ ಒಂದೆರಡು ತಾಸು ಒಣಗಬೇಕು. ಕ್ಯಾರೆಟ್, ಬೀನ್ಸ್ ಇಷ್ಟು ಕಾಡುವುದಿಲ್ಲ.

ಇನ್ನೊಂದು, ಹುಳಿ. ಮಾವು, ನಿಂಬೆಗೆ ತಮ್ಮದೇ ಹುಳಿ ಇದೆ. ಈ ತರಕಾರಿಗಳಿಗೆ ಇಲ್ಲ. ಕಿಲೋಗೆ ಎಂಟು ಹತ್ತು ರಸಭರಿತ ನಿಂಬೆಹಣ್ಣಾದರೂ ಹಿಂಡಲೇಬೇಕು, ಬರೀ ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಅಪಾಯ. ಮೆಂತ್ಯವನ್ನು ಘಮ್ಮೆನ್ನುವವರೆಗೆ ಮಾತ್ರ ಹುರಿಯಿರಿ, ಕಪ್ಪಾದರೆ ಕಹಿ. ಸಾಸಿವೆಯನ್ನು ಸುಮ್ಮನೆ ಬೆಚ್ಚಗೆ ಮಾಡಿದರೆ ಸಾಕು, ಹೆಚ್ಚು ಹುರಿದರೆ ಅದರ ಘಾಟೇ ಹೋಗಿಬಿಡುತ್ತದೆ. ಎಣ್ಣೆ ಕಾಯಿಸಿ ಪೂರ್ತಿ ಆರಿದ ಮೇಲೆ ಬೆರೆಸಿ.

ಈಗಿನ ಭರಣಿಯದ್ದನ್ನು ಪೊರೆ ತೆಗೆದು ಎಣ್ಣೆ ಸುರಿದು ಉಳಿಸಿಕೊಳ್ಳಲು ಹೋಗಬೇಡಿ. ಅಷ್ಟು ತರಕಾರಿ ಹೆಚ್ಚಿದ ಶ್ರಮ ನೆನೆದರೆ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿಬಿಡಿ. ಮುಂದಿನ ಸಲ ಅರ್ಧ ಕಿಲೋದಷ್ಟೇ ಮಾಡಿ, ಫ್ರಿಜ್‌ನಲ್ಲಿಡಿ.