ಹಾಡಿನೊಳಗಿನ ಅಪಸ್ವರ

ಪ್ರಶ್ನೆ: ಟೋಲ್ಕಿನ್ ಅವರ ‘ಸಿಲ್ಮರಿಲಿಯನ್’ನಲ್ಲೂ ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆಯಲ್ಲೂ ಲೋಕ ಹುಟ್ಟುವುದು ಹಾಡಿನಿಂದ. ಇಬ್ಬರೂ ಇಂಗ್ಲಿಷ್ ಲೇಖಕರು, ಸ್ನೇಹಿತರು. ಇದು ಒಂದೇ ಕಲ್ಪನೆಯ ಎರಡು ರೂಪವೇ? ನಮ್ಮ ನಾದಬ್ರಹ್ಮವೂ ಇದೇ ಅಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಸ್ನೇಹ ನಿಜ, ಆದರೆ ಹಾಡು ಮಾಡುವ ಕೆಲಸ ಎರಡೂ ಕಡೆ ಬೇರೆ. 1955ರಲ್ಲಿ ಪ್ರಕಟವಾದ ಲೂಯಿಸ್‌ರ ನಾರ್ನಿಯಾ ಕಥೆ ‘ದಿ ಮೆಜಿಶಿಯನ್ಸ್ ನೆಫ್ಯೂ’ದಲ್ಲಿ ಅಸ್ಲಾನ್ ಎಂಬ ಸಿಂಹ ಹಾಡುತ್ತ ಹೋದಂತೆ ನಕ್ಷತ್ರ, ಹುಲ್ಲು, ಮರಗಳು ಕಣ್ಣೆದುರೇ ಮೂಡುತ್ತವೆ. ಟೋಲ್ಕಿನ್ ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ‘ಸಿಲ್ಮರಿಲಿಯನ್’ನ ಮೊದಲ ಭಾಗದಲ್ಲಾದರೋ ಹಾಡುವವನು ಸೃಷ್ಟಿಕರ್ತನಲ್ಲ. ಸೃಷ್ಟಿಕರ್ತನಾದ ಇಲೂವತಾರ್ ಪಲ್ಲವಿಯನ್ನಷ್ಟೇ ಕೊಡುತ್ತಾನೆ. ಅವನ ಆಲೋಚನೆಯಿಂದ ಹುಟ್ಟಿದ ದೇವತೆಗಳಾದ ಐನುರ್‌ಗಳು ಅದನ್ನು ಬೆಳೆಸುತ್ತಾರೆ. ಗಾಯನ ಮುಗಿದಾಗಲೂ ಲೋಕವಿನ್ನೂ ಹುಟ್ಟಿರುವುದಿಲ್ಲ, ಅದರ ದರ್ಶನವಷ್ಟೇ ಆಗುತ್ತದೆ. ಅದಕ್ಕೆ ಇರವು ಸಿಗುವುದು ‘ಎಆ’ ಎಂಬ ಒಂದೇ ನುಡಿಯಿಂದ.

ನನಗೆ ಮುಖ್ಯವಾಗಿ ಕಾಣುವುದು ಕೇಡು ಎಲ್ಲಿಂದ ಬಂತು ಎಂಬುದು. ನಾರ್ನಿಯಾದಲ್ಲಿ ಅದು ಹೊರಗಿನಿಂದ, ಜೇಡಿಸ್ ಎಂಬ ಮಾಟಗಾತಿಯ ಕಾಲಿನೊಡನೆ ಬರುತ್ತದೆ. ಟೋಲ್ಕಿನ್‌ರಲ್ಲಿ ಅದು ಹಾಡಿನೊಳಗೇ ಇದೆ. ಭಿನ್ನಾಭಿಪ್ರಾಯ ತೆಗೆಯುವುದನ್ನು ನಾವು ‘ಅಪಸ್ವರ ಎತ್ತುವುದು’ ಎನ್ನುತ್ತೇವಲ್ಲ, ಐನುರ್‌ಗಳಲ್ಲೊಬ್ಬನಾದ ಮೆಲ್ಕೋರ್ ಮಾಡುವುದು ಅಕ್ಷರಶಃ ಅದನ್ನೇ. ಮೂರನೆಯ ಪಲ್ಲವಿಯ ಹೊತ್ತಿಗೆ ಎರಡು ಗಾಯನಗಳು ಒಟ್ಟಿಗೆ ನಡೆಯುತ್ತವೆ: ಒಂದು ವಿಶಾಲ, ನಿಧಾನ, ದುಃಖದಿಂದಲೇ ಚೆಲುವು ಪಡೆದದ್ದು, ಇನ್ನೊಂದು ಕೆಲವೇ ಸ್ವರಗಳನ್ನು ಕಹಳೆಗಳಂತೆ ಮತ್ತೆ ಮತ್ತೆ ಅರಚುವಂಥದ್ದು. ಆ ಅರಚಾಟದ ಅತ್ಯಂತ ಗೆಲುವಿನ ಸ್ವರಗಳನ್ನೇ ಮೊದಲನೆಯದು ಎತ್ತಿಕೊಂಡು ತನ್ನ ನೇಯ್ಗೆಗೆ ಸೇರಿಸಿಕೊಳ್ಳುತ್ತದೆ. ಮೆಲ್ಕೋರ್ ಲೋಕಕ್ಕೆ ತಂದ ಕೊರೆಯುವ ಚಳಿಯಿಂದ ನೀರಿನ ಒಡೆಯ ಉಲ್ಮೊ ಎಣಿಸಿರದಿದ್ದ ಹಿಮದ ಹರಳುಗಳು ಹುಟ್ಟಿದ್ದೂ ಹೀಗೆಯೇ. (ಹಲವು ಕಂಠಗಳ ಈ ಹೆಣಿಗೆ ಪಾಶ್ಚಾತ್ಯ ಸಂಗೀತದ ಹಾರ್ಮನಿಯದು, ಒಂದೇ ಎಳೆಯ ರಾಗಸಂಚಾರಕ್ಕೆ ಒಗ್ಗಿದ ನಮ್ಮ ಕಿವಿ ಇಲ್ಲಿ ತುಸು ಪ್ರಯಾಸಪಡಬೇಕು.)

ನಾದಬ್ರಹ್ಮದ ಹೋಲಿಕೆ ಕೂಡಿಬರದಿರುವುದೂ ಇಲ್ಲಿಯೇ. 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಹೇಳುವ ನಾದಬ್ರಹ್ಮ ಜಗತ್ತಾಗಿ ಅರಳಿದ ಚೈತನ್ಯವೇ ಆಗಿದೆ, ಹಾಡುವವನೂ ಹಾಡೂ ಬೇರೆಯಾಗದ ಕಡೆ ಅಪಸ್ವರ ಎತ್ತುವವನಾದರೂ ಯಾರು? ಲೂಯಿಸ್‌ರ ಕಥೆಯಲ್ಲೂ ಲೋಕವನ್ನು ಹಾಡಿ ಮೂಡಿಸುವುದು ಸಿಂಹವೊಂದೇ. ಅಲ್ಲಿ ಕೆಡುವುದು ಹಾಡಲ್ಲ, ಕಿವಿ: ಸಿಂಹ ಹಾಡುವುದುಂಟೇ ಎಂದು ತನ್ನನ್ನು ತಾನೇ ನಂಬಿಸಿಕೊಂಡ ಆಂಡ್ರೂಗೆ (ಕಥೆಯ ಹುಡುಗ ಡಿಗರಿಯ ಮಾವ) ಕೊನೆಗೆ ಕೇಳಿಸುವುದು ಬರೀ ಗರ್ಜನೆ.