ನಿಮ್ಮ ಲೇಖನದಲ್ಲಿ ಮಂಡ್ಯ ಎಲ್ಲಿದೆ?

ನಮಸ್ಕಾರ.

ನೀವು ಕಳಿಸಿದ ‘ಜೈವಿಕ ತಂತ್ರಜ್ಞಾನ ಮತ್ತು ಉಷ್ಣವಲಯದ ಕೃಷಿ ಅಭಿವೃದ್ಧಿ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೊನೆಯ ಪುಟದ ಹಿಂದಿನ ಪುಟದಲ್ಲಿ ಕೆಲವು ಸಾಲುಗಳಿವೆ. ಅವು ಇರದಿದ್ದರೆ ‘ವಿಷಾದದಿಂದ ಹಿಂತಿರುಗಿಸುತ್ತಿದ್ದೇವೆ’ ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಅವುಗಳಿಗಾಗಿಯೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಮೊದಲು ಕಹಿ ಮಾತು. ಲೇಖನ ‘ರೈತ ದೇಶದ ಬೆನ್ನೆಲುಬು’ ಎಂದು ಶುರುವಾಗುತ್ತದೆ. ಆಮೇಲೆ ಜನಸಂಖ್ಯೆ, ಹವಾಮಾನ ಬದಲಾವಣೆ, ವಿಜ್ಞಾನದ ವರದಾನ. ಮೂರು ಪುಟ ದಾಟಿದರೂ ಒಂದು ಬೆಳೆಯ ಹೆಸರಿಲ್ಲ. ಕೊನೆಗೂ ಬಂದದ್ದು ಗೋಧಿ! ಕೃಷಿ ವಿಜ್ಞಾನಿ ಬೋರ್ಲಾಗ್ ಅವರ ಮೆಕ್ಸಿಕೋ ಗೋಧಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಕಥೆ ಚೆನ್ನಾಗಿದೆ, ಆದರೆ ಅದನ್ನು ಎಲ್ಲರೂ ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಮದ್ದೂರಿನ ಕಡೆಯವರಾದ ನಿಮಗೆ ಗೋಧಿಯ ಗೊಡವೆ ಯಾಕೆ? ಉಷ್ಣವಲಯ ಅಂದರೆ ಬ್ರೆಜಿಲ್ಲೇ ಆಗಬೇಕಿಲ್ಲ. ರಾಗಿ, ಭತ್ತ, ಕಬ್ಬು, ಬಾಳೆ ಬೆಳೆಯುವ ನಿಮ್ಮೂರೂ ಅದೇ ವಲಯದಲ್ಲಿದೆ. ಮಂಡ್ಯದ ಪಕ್ಕದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಹೆಸರು ನಿಮ್ಮ ಲೇಖನದಲ್ಲಿ ಒಂದು ಸಲವೂ ಬರುವುದಿಲ್ಲ.

ಅಲ್ಲಿ ಕೆಲಸ ಮಾಡಿದ ಡಾ. ಸಿ.ಎಚ್. ಲಕ್ಷ್ಮಣಯ್ಯ ಅವರ ಹೆಸರೂ ಇಲ್ಲ. ನಮ್ಮ ಕಡೆ ಹಳಬರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆಯುತ್ತಾರೆ. ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಇಂಡಾಫ್ ತಳಿಗಳಾದವು. 1970ರ ದಶಕದಿಂದ ಅವು ನಮ್ಮ ಹೊಲಗಳಿಗೆ ಬಂದವು. ಇಷ್ಟನ್ನು ಬರೆದು ನಿಲ್ಲಿಸಬೇಡಿ. ಇದು ಎಷ್ಟು ಕಷ್ಟದ ಕೆಲಸ ಎಂಬುದನ್ನೂ ಓದುಗರಿಗೆ ತೋರಿಸಿ. ರಾಗಿಯ ಹೂವು ತೀರಾ ಚಿಕ್ಕದು. ಗಂಡು ಹೆಣ್ಣು ಎರಡೂ ಅದರಲ್ಲೇ ಇರುವುದರಿಂದ ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಕೊಂಡುಬಿಡುತ್ತದೆ. ಕೈಯಿಂದ ಗಂಡು ಭಾಗ ಕೀಳಲು ಹೋದರೆ ಹೂವೇ ಹಾಳಾಗುತ್ತದೆ. ಅದಕ್ಕೇ ತಳಿವಿಜ್ಞಾನಿಗಳು ತಾಯಿ ಗಿಡದ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗವನ್ನು ಸಾಯಿಸುವ ಉಪಾಯ ಕಂಡುಕೊಂಡರು. ಇನ್ನೊಂದು ಉಪಾಯವೆಂದರೆ ಎರಡು ತೆನೆಗಳನ್ನು ಒತ್ತಾಗಿ ಕಟ್ಟಿಬಿಡುವುದು.

ಸರಿ, ಕೂಡಿಕೆ ಆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ತಾಯಿಯಾಗಿ ಹಸಿರು ಕಾಂಡದ ಗಿಡ, ತಂದೆಯಾಗಿ ನೇರಳೆ ಬಣ್ಣದ ಗಿಡ ಇಟ್ಟುಕೊಳ್ಳುತ್ತಾರೆ. ಮುಂದಿನ ಪೈರಿನಲ್ಲಿ ನೇರಳೆ ಕಂಡರೆ ಅದು ನಿಜವಾದ ಕೂಡಿಕೆ. ಹಸಿರಾಗಿದ್ದರೆ ತಾಯಿ ತಾನೇ ಕಟ್ಟಿದ ಕಾಳು. ಈಗ ಪ್ರಯೋಗಾಲಯದಲ್ಲಿ ಎಲೆಯ ತುಣುಕಿನಿಂದ ಡಿಎನ್‌ಎ ತೆಗೆದು ‘ಮಾರ್ಕರ್’ ಹುಡುಕುತ್ತಾರಲ್ಲ, ಅದರ ಯೋಚನೆಯೂ ಇದೇ ದಾರಿಯದು. ಕಣ್ಣಿಗೆ ಬೀಳುವ ಒಂದು ಗುರುತಿನಿಂದ ಕಾಣದ ಗುಣವನ್ನು ಪತ್ತೆ ಹಚ್ಚುವುದು. ನೀವು ಮಾರ್ಕರ್ ಬಗ್ಗೆ ಬರೆದ ಪ್ಯಾರಾ ನನಗೆ ಎರಡು ಸಲ ಓದಿದರೂ ತಿಳಿಯಲಿಲ್ಲ. ನೇರಳೆ ರಾಗಿಯಿಂದ ಶುರು ಮಾಡಿದರೆ ಎಸ್ಸೆಸ್ಸೆಲ್ಸಿ ಓದಿದವರಿಗೂ ತಿಳಿಯುತ್ತದೆ.

ಅಲ್ಲಿಂದ ಕಥೆ ತಾನಾಗಿ ಮುಂದಕ್ಕೆ ಹೋಗುತ್ತದೆ. ಇಂಡಾಫ್ ತಳಿಗಳಿಗೆ ಬೆಂಕಿ ರೋಗದ ಕಾಟ ಇತ್ತು. ರೋಗ ತಡೆದುಕೊಳ್ಳುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಂತು. ಅದರ ವಂಶ ನೋಡಿದರೆ ಇಂಡಾಫ್-5, ಇಂಡಾಫ್-9 ಎರಡೂ ಇವೆ. ಅಂದರೆ ಹಳೆಯ ಕೆಲಸದ ಮೇಲೆಯೇ ಹೊಸದು ನಿಂತಿದೆ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಎಂಎಲ್-365 ರಾಗಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದಿ ಪ್ರಕಟಿಸಿದರು. ಬಿಸಿನೀರಿನಿಂದ ಜೀನೋಮ್‌ವರೆಗೆ ಒಂದೇ ಬೆಳೆ. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಬೆನ್ನುಮೂಳೆ ಎಲ್ಲಿ ಸಿಗುತ್ತದೆ ಹೇಳಿ.

ಇನ್ನೊಂದು ದೊಡ್ಡ ತೊಂದರೆ ಇದೆ. ಹೈಬ್ರಿಡ್, ಅಂಗಾಂಶ ಕೃಷಿ, ಮಾರ್ಕರ್, ಬಿಟಿ ಎಲ್ಲವನ್ನೂ ‘ಬಯೋಟೆಕ್’ ಅಂತ ಒಂದೇ ಚೀಲಕ್ಕೆ ತುಂಬಿದ್ದೀರಿ. ಹಾಗಾಗಿ ತಪ್ಪುಗಳು ನುಗ್ಗಿವೆ. ವಿ.ಸಿ. ಫಾರಂನಿಂದ 1996ರಲ್ಲಿ ಬಂದ ಕೆಆರ್‌ಎಚ್-2 ಭತ್ತವನ್ನು ‘ಕುಲಾಂತರಿ’, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ ಎಂದು ಬರೆದಿದ್ದೀರಿ. ಖಂಡಿತ ಅಲ್ಲ. ಅದು ಹೈಬ್ರಿಡ್. ತಾಯಿ ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆಯ ಸಾಲು, ಅದರಲ್ಲಿ ಗಂಡು ಪರಾಗ ಕೆಲಸ ಮಾಡುವುದಿಲ್ಲ. ತಂದೆ ಮಂಡ್ಯದ್ದೇ ಆದ ಕೆಎಂಆರ್-3. ಬೀಜ ಮಾಡುವ ಗದ್ದೆಯಲ್ಲಿ ಈ ಎರಡನ್ನೂ ಸಾಲು ಸಾಲಾಗಿ ನಾಟಿ ಮಾಡಿ, ಹೂವಿನ ಹೊತ್ತಿಗೆ ಹಗ್ಗ ಎಳೆದು ಪರಾಗ ಉದುರಿಸುತ್ತಾರೆ. ಆ ಬೀಜದಿಂದ ಬಂದ ಭತ್ತವನ್ನು ರೈತ ಮತ್ತೆ ಬೀಜಕ್ಕೆ ಇಟ್ಟುಕೊಂಡರೆ ಮುಂದಿನ ಪೈರು ಒಂದು ಎತ್ತರ, ಒಂದು ಕುಳ್ಳ, ಒಂದು ಬೇಗ, ಒಂದು ತಡ. ಅದಕ್ಕೇ ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕು. ಇಳುವರಿಯ ಲಾಭ ಒಂದು ಕಡೆ, ಬೀಜದ ಖರ್ಚು ಇನ್ನೊಂದು ಕಡೆ. ನೀವು ಲಾಭ ಮಾತ್ರ ಬರೆದಿದ್ದೀರಿ.

ನಂಜನಗೂಡಿನ ರಸಬಾಳೆಯ ಪ್ಯಾರಾದಲ್ಲೂ ಹೀಗೇ. ‘ಅಂಗಾಂಶ ಕೃಷಿಯಿಂದ ರಸಬಾಳೆಗೆ ರೋಗನಿರೋಧಕ ಶಕ್ತಿ ಬಂದಿದೆ’ ಎಂದಿದ್ದೀರಿ. ಬಂದಿಲ್ಲ. ಅಂಗಾಂಶ ಕೃಷಿ ಅಂದರೆ ಒಳ್ಳೆಯ ಗಿಡದ ಕುಡಿಯನ್ನು ಶೀಶೆಯಲ್ಲಿ ಬೆಳೆಸಿ ಅದರದೇ ನಕಲುಗಳನ್ನು ಸಾವಿರಗಟ್ಟಲೆ ಮಾಡುವುದು. ಗಿಡ ಹುಟ್ಟುವಾಗ ರೋಗ ಇರುವುದಿಲ್ಲ, ಅಷ್ಟೇ. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಶುದ್ಧ ಗಿಡವನ್ನು ಕೆಟ್ಟ ಮಣ್ಣಿಗೆ ನೆಟ್ಟರೆ ಅದೂ ಸೊರಗುತ್ತದೆ. ಬಾಳೆಯಲ್ಲಿ ಬೀಜವೇ ಇಲ್ಲದ್ದರಿಂದ ರಾಗಿಯ ಹಾಗೆ ಸಲೀಸಾಗಿ ಕೂಡಿಸುವುದೂ ಆಗುವುದಿಲ್ಲ. ನಿಮ್ಮ ವಾಕ್ಯ ನಂಬಿ ಯಾರಾದರೂ ಸೊರಗು ಬಿದ್ದ ತೋಟಕ್ಕೆ ಮತ್ತೆ ದುಡ್ಡು ಸುರಿದರೆ ಏನು ಗತಿ? ಕೃಷಿ ಬರಹದಲ್ಲಿ ಒಂದು ಪದ ಹೆಚ್ಚುಕಮ್ಮಿಯಾದರೆ ಯಾರದೋ ಸಾಲ ಬೆಳೆಯುತ್ತದೆ.

ಬಿಟಿ, ಅಂದರೆ ಕೀಟ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬೆಳೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ರೈತರು ಅನುಮತಿ ಪಡೆದು ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಒಂದೇ, ಅದು 2002ರಿಂದ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿಯಿತು. ನಿಮ್ಮ ‘ಬಿಟಿ ಭತ್ತ’ ನಮ್ಮ ರೈತರ ಗದ್ದೆಯಲ್ಲಿ ಇಲ್ಲ, ತೆಗೆದುಬಿಡಿ. ‘ಕೀಟದ ಕಾಟ ಶಾಶ್ವತವಾಗಿ ಮುಗಿಯಿತು’ ಎಂಬುದನ್ನೂ ತೆಗೆಯಿರಿ. ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನೂ ತಿಂದು ಅರಗಿಸಿಕೊಳ್ಳಲು ಕಲಿತಿದೆ. ಬೇಕಿದ್ದರೆ 2025ರ ಮೇ ತಿಂಗಳಲ್ಲಿ ಪ್ರಕಟವಾದ ಜೀನ್ ತಿದ್ದಿದ ಎರಡು ಭತ್ತದ ತಳಿಗಳ ವಿಷಯ ಸೇರಿಸಬಹುದು. ಅವುಗಳಲ್ಲಿ ಬೇರೆ ಜೀವಿಯ ಜೀನ್ ಇಲ್ಲ, ಭತ್ತದ ಸ್ವಂತ ಜೀನನ್ನೇ ತಿದ್ದಿದ್ದಾರೆ. ಎರಡು ಸಾಲು ಸಾಕು.

ನಾಲೆಯ ಕೊನೆಯ ಭಾಗದವರ ನೀರಿನ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಬರೆಯುವಾಗ 2007ರಲ್ಲಿ ಬಂದ ‘ಶಾರದಾ’ ಅಂದರೆ ಎಂಎಎಸ್ 946-1 ಭತ್ತವನ್ನು ಲೇಖನಕ್ಕೆ ತನ್ನಿ. ಮಾರ್ಕರ್ ಸಹಾಯದಿಂದ ಆರಿಸಿದ ತಳಿ ಅದು. ಕೆಸರು ಗದ್ದೆ ಬೇಡ, ನಿಂತ ನೀರು ಬೇಡ, ರಾಗಿಯ ಹಾಗೆ ನೇರ ಬಿತ್ತಬಹುದು. ನಿಮ್ಮ ಕಡೆ ಯಾರಾದರೂ ಹಾಕಿದ್ದಾರಾ, ಹಾಕಿ ಬಿಟ್ಟಿದ್ದಾರಾ? ಬಿಟ್ಟಿದ್ದರೆ ಯಾಕೆ? ಕಳೆಯ ಕಾಟವೋ, ಬೀಜ ಸಿಗಲಿಲ್ಲವೋ? ಇದನ್ನು ಮನೆಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಹೋಗಿ ಕೇಳಿ.

ಈಗ ಆ ಒಳ್ಳೆಯ ಸಾಲುಗಳಿಗೆ ಬರುತ್ತೇನೆ. ಹೊಸ ರಾಗಿ ಬೀಜ ತಂದುಕೊಟ್ಟಾಗ ನಿಮ್ಮ ಸೋದರತ್ತೆ ಕೇಳಿದರಂತೆ: ‘ಕಾಳು ಜಾಸ್ತಿ ಬಂದ್ರೆ ಸಾಕಾ? ಹುಲ್ಲು ಬ್ಯಾಡ್ವಾ? ದನಗೊಳ್ಗೆ ಏನ್ ಹಾಕನ?’ ಲೇಖನದಲ್ಲಿ ಜೀವ ಇರುವ ಮಾತು ಇದೊಂದೇ. ಇದನ್ನು ನೀವು ‘ರೈತರಲ್ಲಿನ ಅರಿವಿನ ಕೊರತೆ’ ಎಂಬ ಉಪಶೀರ್ಷಿಕೆ ಕೆಳಗೆ ಹಾಕಿದ್ದೀರಿ! ನನಗೆ ಸಿಟ್ಟು ಬಂದದ್ದು ಇಲ್ಲಿ. ರಾಗಿ ತಳಿಗಳ ಪರೀಕ್ಷೆಯಲ್ಲಿ ವಿಜ್ಞಾನಿಗಳು ಕಾಳಿನ ತೂಕದ ಜೊತೆ ಹುಲ್ಲಿನ ತೂಕವನ್ನೂ ಬರೆದಿಡುತ್ತಾರೆ. ಹೊಲದವರು ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿಕೊಳ್ಳುತ್ತಾರೆ. ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆಗೆ ರಾಗಿಯ ಮೆದೆ ಅಂದರೆ ಇಡೀ ಬೇಸಿಗೆಯ ಮೇವು. ನಿಮ್ಮ ಅತ್ತೆಗೆ ಲೆಕ್ಕ ಗೊತ್ತಿದೆ. ಆ ಉಪಶೀರ್ಷಿಕೆ ಕಿತ್ತು ಹಾಕಿ, ಅವರ ಪ್ರಶ್ನೆಯನ್ನು ಲೇಖನದ ಮೊದಲ ಸಾಲಿಗೆ ತನ್ನಿ. ಆಮೇಲೆ ಅದೇ ಪ್ರಶ್ನೆ ಹಿಡಿದು ವಿ.ಸಿ. ಫಾರಂಗೆ ಹೋಗಿ. ಅಲ್ಲಿನ ರಾಗಿ ವಿಭಾಗದವರನ್ನು ಕೇಳಿ: ಈಗಿನ ಕೆಎಂಆರ್ ರಾಗಿ ತಳಿಗಳಲ್ಲಿ ಹುಲ್ಲು ಎಷ್ಟು, ದನ ಅದನ್ನು ಇಷ್ಟಪಟ್ಟು ತಿನ್ನುತ್ತದಾ, ಎತ್ತರ ಜಾಸ್ತಿಯಾದರೆ ಗಾಳಿಗೆ ಬೀಳುತ್ತದಾ? ಅವರು ಹೇಳಿದ್ದನ್ನು ತಂದು ಅತ್ತೆಗೆ ಹೇಳಿ. ಅತ್ತೆ ಒಪ್ಪದಿದ್ದರೆ ಅದನ್ನೂ ಬರೆಯಿರಿ.

ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಹಿಪ್ಪುನೇರಳೆ ಈ ಲೇಖನದಲ್ಲಿ ಬೇಡ. ಅದು ಇನ್ನೊಂದು ಲೇಖನವಾಗುತ್ತದೆ, ಮಳವಳ್ಳಿ ಕಡೆ ಯಾರಾದರೂ ಹುಳು ಸಾಕುವವರು ಗೊತ್ತಿದ್ದರೆ ಆಮೇಲೆ ನೋಡೋಣ.

ಎಂಟುನೂರು ಪದ ಮೀರಬೇಡಿ. ‘ಕ್ರಾಂತಿ’, ‘ವರದಾನ’, ‘ಸಂಜೀವಿನಿ’ ಮೂರೂ ಪದಗಳಿಗೆ ರಜೆ ಕೊಡಿ. ನುಡಿ ಫಾಂಟಿನಲ್ಲಿ ಕಳಿಸಿದ್ದರಿಂದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು, ಈ ಸಲ ಯೂನಿಕೋಡ್‌ನಲ್ಲಿ ಕಳಿಸಿ. ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಗೆ ನೋಡುತ್ತಿರುವ ವಿದೇಶಿ ಹುಡುಗಿಯ ಫೋಟೋ ಎಲ್ಲಿಂದ ತಂದಿರೋ ಗೊತ್ತಿಲ್ಲ, ಅದು ಬೇಡ. ರಾಗಿ ತೆನೆಯದೂ ಮೆದೆಯದೂ ನೀವೇ ತೆಗೆದು ಕಳಿಸಿ. ಅತ್ತೆಯ ಫೋಟೋ ಹಾಕುವುದಾದರೆ ಮೊದಲು ಅವರನ್ನು ಕೇಳಿ. ಸುಗ್ಗಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ