ಹನ್ನೊಂದರ ಬಾಲಕಿಯ ಕೈಯಲ್ಲಿ ‘ಗೃಹಭಂಗ’: ಒಂದು ಆಪ್ತಸಲಹೆ ಪ್ರಕರಣ

ಈ ಬಾಲಕಿಯನ್ನು ಮೇಧಾ ಎಂದು ಕರೆಯುತ್ತೇನೆ. ಹೆಸರನ್ನೂ ಕುಟುಂಬದ ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಲಾಗಿದೆ. ಹಳೇ ಮೈಸೂರು ಭಾಗದ ಪಟ್ಟಣವೊಂದರಲ್ಲಿ 6ನೇ ತರಗತಿಯಲ್ಲಿದ್ದ, 11 ವರ್ಷದ ಈಕೆ ಶಾಲೆಗೆ ಸೇರುವ ಮೊದಲೇ ಅಕ್ಷರ ಕೂಡಿಸಿ ಓದಲು ಕಲಿತವಳು. ಮಕ್ಕಳ ಪುಸ್ತಕಗಳೆಲ್ಲ ಮುಗಿದ ಮೇಲೆ ತಂದೆಯ ಬೀರುವಿನಲ್ಲಿದ್ದ ಕಾದಂಬರಿಗಳಿಗೆ ಕೈಹಾಕಿದ್ದಳು. ತಂದೆತಾಯಿ ಕರೆತಂದಾಗ ಅವಳಿಗೆ ಕೆಲವು ವಾರಗಳಿಂದ ಸರಿಯಾದ ನಿದ್ದೆ ಇರಲಿಲ್ಲ. ರಾತ್ರಿ ಎದ್ದು ಬಂದು ತಾಯಿಯ ಹಣೆ ಮುಟ್ಟಿ ನೋಡುತ್ತಿದ್ದಳು, ಸ್ನಾನದ ಮನೆಯಲ್ಲಿ ತನ್ನ ಕಂಕುಳಲ್ಲಿ ಗಂಟು ಎದ್ದಿದೆಯೇ ಎಂದು ತಡವಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳು ಓದುತ್ತಿದ್ದದ್ದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’.

ತಾಯಿಯ ಪ್ರಶ್ನೆ, ಬೀರುವಿಗೆ ಬೀಗ ಹಾಕಬೇಕೇ ಎಂಬುದಾಗಿತ್ತು. ತಂದೆಗೆ ಒಂದು ಪಟ್ಟಿ ಬೇಕಿತ್ತು. ಮಗಳು ಈ ವಯಸ್ಸಿಗೇ ದೊಡ್ಡವರ ಕಾದಂಬರಿ ಓದುತ್ತಾಳೆಂದು ಬಂದವರೆದುರು ಹೇಳಿಕೊಳ್ಳುವ ಅಭ್ಯಾಸ ಅವರಿಗಿತ್ತು. 7ನೇ ತರಗತಿಗೆ ಹೋಗುವಷ್ಟರಲ್ಲಿ ಮಹಾಭಾರತವನ್ನು ಆಧರಿಸಿದ, ಭೈರಪ್ಪನವರದೇ ಕಾದಂಬರಿ ‘ಪರ್ವ’ವನ್ನೂ ಓದಿಸಬೇಕೆಂಬ ಆಸೆಯಿತ್ತು. ‘ಗೃಹಭಂಗ’ದ ಶ್ರೇಷ್ಠತೆಯ ಬಗ್ಗೆ ಬಹಳ ಹೊತ್ತು ಮಾತನಾಡಿದ ಅವರು ಅದನ್ನು ಸ್ವತಃ ಓದಿರಲಿಲ್ಲ ಎಂಬುದು ಮಾತಿನ ನಡುವೆ ತಾನಾಗಿಯೇ ಹೊರಬಿತ್ತು.

ಬಾಲಕಿಯೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ, ಕಾದಂಬರಿಯಲ್ಲಿ ಕಥಾನಾಯಕಿ ನಂಜಮ್ಮನ ಮಕ್ಕಳಾದ ಪಾರ್ವತಿ ಮತ್ತು ರಾಮಣ್ಣ ಪ್ಲೇಗಿಗೆ ತುತ್ತಾಗುವಲ್ಲಿಗೆ ಅವಳು ಪುಸ್ತಕ ಮುಚ್ಚಿಟ್ಟಿದ್ದಾಳೆಂದು ತಿಳಿಯಿತು. “ಅಮ್ಮನಿಗೂ ಜ್ವರ ಬಂದಿತ್ತಲ್ಲ ಮೇಡಂ” ಎಂದಳು. ಆ ಮಳೆಗಾಲದಲ್ಲಿ ತಾಯಿ ಡೆಂಗಿ ಜ್ವರದಿಂದ ಆಸ್ಪತ್ರೆಗೆ ದಾಖಲಾಗಿದ್ದರು. ಮಗು ಹೆದರೀತು ಎಂದು ಯಾರೂ ಅವಳಿಗೆ ವಿವರ ಹೇಳಿರಲಿಲ್ಲ, ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಭಯ ಮೊದಲೇ ಇತ್ತು, ಅದಕ್ಕೊಂದು ರೂಪ ಕಾದಂಬರಿಯಿಂದ ಸಿಕ್ಕಿತು ಎಂದೇ ನನ್ನ ನಿರ್ಣಯ. ಪುಟ್ಟ ವಯಸ್ಸಿನಲ್ಲೇ ದಪ್ಪ ಪುಸ್ತಕ ಓದುವ ಮಗುವಿನೊಡನೆ ಹಿರಿಯರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಇವಳಿಗೆ ಎಲ್ಲ ಅರ್ಥವಾಗುತ್ತದೆ ಎಂದುಕೊಂಡು ಪುಸ್ತಕದೊಡನೆ ಒಂಟಿಯಾಗಿ ಬಿಡುತ್ತಾರೆ. ಮನೆಯ ಕಷ್ಟದ ವಿಷಯ ಬಂದಾಗ ಇನ್ನೂ ಚಿಕ್ಕವಳು ಎಂದು ಹೊರಗಿಡುತ್ತಾರೆ. ಮೇಧಾಳ ಮನೆಯಲ್ಲಿ ಎರಡೂ ಆಗಿದ್ದವು. ಅವಳು ತಾನೇ ಓದಲು ಕಲಿತ ದಿನದಿಂದ ಅವಳಿಗೆ ಯಾರೂ ಗಟ್ಟಿಯಾಗಿ ಕಥೆ ಓದಿ ಹೇಳಿರಲಿಲ್ಲ.

ಮೊದಲಿಗೆ ಭಯಕ್ಕೆ ನೇರ ಉತ್ತರ ಕೊಡಬೇಕಿತ್ತು. ಕಂಕುಳಲ್ಲಿ ಗಂಟು ಏಳಿಸುವ ಪ್ಲೇಗು ಬ್ಯಾಕ್ಟೀರಿಯಾದಿಂದ ಬರುವ, ಇಲಿಗಳ ಚಿಗಟದಿಂದ ಹರಡುವ ರೋಗವೆಂದೂ, ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ಕಾಲಕ್ಕೆ ಇಂದಿನ ಔಷಧಗಳು ಇರಲಿಲ್ಲವೆಂದೂ, ಅದನ್ನು ವಾಸಿಮಾಡುವ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದೇ 1943ರಲ್ಲೆಂದೂ ವಿವರಿಸಿದೆ. ಡೆಂಗಿ ಬೇರೆಯೇ ರೋಗ, ಅದು ಸೊಳ್ಳೆಯಿಂದ ಬರುತ್ತದೆ ಎಂಬುದನ್ನೂ, ಆಸ್ಪತ್ರೆಯಲ್ಲಿ ಏನೇನಾಯಿತು ಎಂಬುದನ್ನೂ ತಾಯಿಯೇ ಅವಳಿಗೆ ಹೇಳುವಂತೆ ಮಾಡಿದೆ. ಇಷ್ಟಾದ ಮೇಲೂ ಒಂದು ತಿಂಗಳೊಳಗೆ ನಿದ್ದೆ ಮರಳದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕೆಂದು ಪೋಷಕರಿಗೆ ತಿಳಿಸಿದೆ.

ಬೀಗ ಬೇಡ ಎಂದೆ. ಬೀಗ ಹಾಕಿದ ಪುಸ್ತಕವನ್ನು ಇಂಥ ಮಕ್ಕಳು ಹೇಗಾದರೂ ಓದುತ್ತಾರೆ, ಆಮೇಲೆ ಹುಟ್ಟಿದ ಪ್ರಶ್ನೆಯನ್ನು ಮಾತ್ರ ಮನೆಯಲ್ಲಿ ಕೇಳುವುದಿಲ್ಲ. ಅದರ ಬದಲು, ಬೀರುವಿನಿಂದ ಮಗಳು ಎತ್ತಿಕೊಂಡ ಪುಸ್ತಕವನ್ನು ತಂದೆ ಅಥವಾ ತಾಯಿ ಮೊದಲೇ ಓದಿರಬೇಕು, ಇಲ್ಲವೇ ಅವಳ ಜೊತೆಗೇ ಓದಬೇಕು. ಬೇಡವೆನಿಸಿದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ಅವಳಿಗಿರಬೇಕು, ಬಿಟ್ಟದ್ದಕ್ಕೆ ಯಾರೂ ನಗಬಾರದು ಎಂದು ಒಪ್ಪಿಸಿದೆ. ತಂದೆಗೆ ಈ ಕೊನೆಯದನ್ನು ಒಪ್ಪುವುದು ಕಷ್ಟವಾಯಿತು.

ಪಟ್ಟಿಯ ವಿಷಯದಲ್ಲಿ ನನಗೆ ಉತ್ಸಾಹ ಕಡಿಮೆ, ಆದರೂ ಕೆಲವು ಪುಸ್ತಕಗಳ ಬಗ್ಗೆ ಮಾತನಾಡಿದೆವು. ಚಿಕ್ಕದಾಗಿದೆ ಎಂಬ ಕಾರಣಕ್ಕೆ ತಾಯಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆಗೆದಿಟ್ಟಿದ್ದರು. 1933ರ ಆ ಕಾದಂಬರಿಯಲ್ಲಿ ನೀರಿನಲ್ಲಿ ಮುಳುಗುತ್ತಿರುವ ಹುಡುಗನನ್ನು ಅಸ್ಪೃಶ್ಯನೆಂಬ ಕಾರಣಕ್ಕೆ ಯಾರೂ ಎತ್ತುವುದಿಲ್ಲ. ಅದನ್ನು ಅವಳು ಓದಲೇಬೇಕು, ಆದರೆ ಎರಡು ಮೂರು ವರ್ಷ ಕಳೆದು, ಜಾತಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಲು ಮನೆಯವರು ಸಿದ್ಧರಿರುವಾಗ. ಈಗಿನ ಅವಳ ಕುತೂಹಲಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹೊಂದುತ್ತದೆ ಎನಿಸಿತು. ಹಾರುವ ಓತಿಯ ಹುಡುಕಾಟ, ಮಂದಣ್ಣನ ಪಡಿಪಾಟಲು, ನಗು, ಎಲ್ಲವೂ ಅಲ್ಲಿವೆ, ಕಠಿಣವಾದ ವಿಚಾರವೂ ಇದೆ. ‘ಪರ್ವ’ದ ಬದಲಿಗೆ ಮಹಾಭಾರತವನ್ನು ಗದ್ಯದಲ್ಲಿ ಹೇಳುವ, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಸೂಚಿಸಿದೆ: ಯುದ್ಧವೂ ಸಾವೂ ಅಲ್ಲೂ ಕಡಿಮೆಯಿಲ್ಲ, ಆದರೆ ಅಲ್ಲಿನ ದನಿ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಹೇಳುತ್ತಿರುವಂತಿದೆ. ಇಂಗ್ಲಿಷಿನಲ್ಲಿ ನಾಲ್ವರು ಅಕ್ಕತಂಗಿಯರ ಕಥೆಯಾದ ‘ಲಿಟಲ್ ವಿಮೆನ್’ ಹೆಸರಿಸಿದಾಗ ತಾಯಿ, ಅದರಲ್ಲೂ ತಂಗಿಯೊಬ್ಬಳು ಸಾಯುತ್ತಾಳಲ್ಲವೇ ಎಂದು ಹಿಂಜರಿದರು. ಹೌದು; ಆದರೆ ಬೆತ್‌ಳ ಸಾವಿಗೆ ಆ ಕಥೆ ಓದುಗರನ್ನು ಬಹಳ ಮೊದಲಿನಿಂದ ಸಿದ್ಧಗೊಳಿಸುತ್ತದೆ, ಉಳಿದವರು ಒಬ್ಬರಿಗೊಬ್ಬರು ಆತುಕೊಳ್ಳುತ್ತಾರೆ. ‘ಗೃಹಭಂಗ’ದ ಲೋಕದಲ್ಲಿ ನಂಜಮ್ಮನಿಗೆ ಗಂಡನ ಆಸರೆಯೂ ಇಲ್ಲ, ಅತ್ತೆಯ ಕರುಣೆಯೂ ಇಲ್ಲ. ಹನ್ನೊಂದರ ಮಗುವಿಗೆ ಸಾವಿಗಿಂತಲೂ ಹೆಚ್ಚು ಭಾರವಾಗುವುದು ಆ ನಿರಾಧಾರ ಸ್ಥಿತಿಯೇ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಭೇಟಿಗಳ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಸುಧಾರಿಸಿತ್ತು, ಹಣೆ ಮುಟ್ಟುವುದು ಒಮ್ಮೊಮ್ಮೆ ಉಳಿದಿತ್ತು. ‘ಕರ್ವಾಲೊ’ ಅವಳಿಗೆ ಮೊದಲು ರುಚಿಸಲಿಲ್ಲ. ತಾಯಿ ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದತೊಡಗಿದ ನಂತರ ಹಿಡಿಸಿತು. ‘ಗೃಹಭಂಗ’ದಲ್ಲಿ ನಂಜಮ್ಮನ ಕಿರಿಯ ಮಗ ವಿಶ್ವ ಬದುಕುತ್ತಾನೆಯೇ ಎಂದು ಕೇಳಿದ್ದಳು. ನಾನು ಉತ್ತರಿಸದೆ, ಪುಸ್ತಕವನ್ನು ಓದಿ ಮುಗಿಸಿ ಮಗಳಿಗೆ ಹೇಳುವ ಕೆಲಸವನ್ನು ತಂದೆಗೆ ವಹಿಸಿದೆ. ಅವರು ಓದಿ, ವಿಶ್ವ ಉಳಿಯುತ್ತಾನೆಂದು ಹೇಳಿದರಂತೆ, ನಂಜಮ್ಮನ ಸಾವನ್ನೂ ಮುಚ್ಚಿಡಲಿಲ್ಲವಂತೆ. ‘ಪರ್ವ’ ಯಾವಾಗ ಕೊಡಬಹುದು ಎಂದು ನನ್ನನ್ನು ಮತ್ತೆ ಕೇಳಿದರು. ಪಿಯುಸಿಯವರೆಗೆ ಕಾಯಿರಿ, ಅಷ್ಟರಲ್ಲಿ ಅದನ್ನೂ ನೀವೇ ಮೊದಲು ಓದಿ ಎಂದೆ.